ಪರಿಸರ ಉಳಿಸುವ ಕೆಲಸ ಮನೆಯಲ್ಲಿ ಯಾರದು?

(ನಮ್ಮ ಪಾಡ್‌ಕಾಸ್ಟ್‌ನ ಈ ಸಂಚಿಕೆಯಲ್ಲಿ ಪ್ರಸಾರವಾದ ಮಾತಿನ ಪಠ್ಯರೂಪ)



ನಾನು ಇಳಕಲ್ಲಿನವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸ್ತೀನಿ. ಪ್ರತಿ ವರ್ಷ ಜೂನ್ 5 ಬಂತೆಂದರೆ ಶಾಲೆಯಲ್ಲಿ ಪರಿಸರ ದಿನ. ಒಂದು ಸಸಿ, ಎರಡು ಭಾಷಣ, ಮೂರು ಫೋಟೊ. ಅದು ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಇವತ್ತು ಭಾಷಣ ಬಿಟ್ಟು ಮನೆಯೊಳಗಿನ ಲೆಕ್ಕ ಮಾತಾಡೋಣ ಅಂತ ಬಂದೀನಿ.

ಮೊಬೈಲ್‌ನಲ್ಲಿ "ಪರಿಸರಸ್ನೇಹಿ ಮನೆಗೆ ಹತ್ತು ಸೂತ್ರ" ಅಂತ ಬರುತ್ತಲ್ಲ, ನೀವೂ ನೋಡಿರ್ತೀರಿ. ಬಿದಿರಿನ ಬ್ರಷ್ ಕೊಳ್ಳಿ, ಸ್ಟೀಲಿನ ಸ್ಟ್ರಾ ಕೊಳ್ಳಿ, ಗಾಜಿನ ಡಬ್ಬಿ ಕೊಳ್ಳಿ. ಹುನಗುಂದದಾಗ ಮಜ್ಜಿಗೆಗೆ ಸ್ಟ್ರಾ ಹಾಕಿ ಕುಡಿಯೋರು ಯಾರದಾರ್ರೀ? ಆ ಪಟ್ಟಿ ಬೇರೆ ಊರಿನದು. ನಮ್ಮ ಪಟ್ಟಿ ನಮ್ಮ ಬಿಸಿಲಿನಿಂದ, ನಮ್ಮ ನೀರಿನಿಂದ, ನಮ್ಮ ಒಲೆಯಿಂದ ಶುರುವಾಗಬೇಕು. ಯಾವ ಉಪಾಯ ಕಿವಿಗೆ ಬಿದ್ದರೂ ನಾನು ಎರಡು ಪ್ರಶ್ನೆ ಕೇಳ್ತೀನಿ. ಇದರಿಂದ ಎಷ್ಟು ಉಳಿಯುತ್ತದೆ? ಇದನ್ನು ಮನೆಯಲ್ಲಿ ಯಾರು ಮಾಡ್ತಾರೆ?

ಎರಡನೇ ಪ್ರಶ್ನೆ ಯಾಕೆ ಅಂತ ಹೇಳ್ತೀನಿ.

ನಮ್ಮ ಅಕ್ಕನನ್ನು ಹುನಗುಂದ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಾರ. ಅಲ್ಲಿ ನಳದ ನೀರು ದಿನಾ ಬರೋದಿಲ್ಲ. ಬಂದ ದಿನ ತುಂಬಿಟ್ಟುಕೊಳ್ಳಬೇಕು. ಎರಡು ವರ್ಷದ ಹಿಂದೆ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಎಲ್ಲೋ ಪ್ಲಾಸ್ಟಿಕ್ ಬಗ್ಗೆ ಭಾಷಣ ಕೇಳಿ ಬಂದರು. ಮರುದಿನವೇ ಮನೆಯ ಪ್ಲಾಸ್ಟಿಕ್ ಕೊಡಗಳನ್ನೆಲ್ಲ ಗುಜರಿಗೆ ಹಾಕಿದರು. ಅಟ್ಟದ ಮೇಲಿದ್ದ ಹಿತ್ತಾಳಿ ಕೊಡ ಇಳಿಸಿದರು. ನೋಡೋಕೆ ಚೆಂದ. ಆದರೆ ಹಿತ್ತಾಳಿ ಕೊಡ ಬರಿದೇ ಇದ್ದಾಗಲೇ ಭಾರ, ಅದರ ಮೇಲೆ ಹದಿನೈದು ಲೀಟರ್ ನೀರು. ಹೊರುವಾಕೆ ಅಕ್ಕ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಕೆಯೂ ಅಕ್ಕ. ನಾನು ಹೋದಾಗ ಸೊಂಟ ಹಿಡಿದುಕೊಂಡು ಕೂತಿದ್ದಳು. "ನಿಮ್ಮ ಮಾಮಾಗ ನೀನರ ಹೇಳ ತಂಗಿ, ಪರಿಸರ ಉಳಸೂದಾದ್ರ ಕೊಡಾನೂ ಅವರ ಹೊರಲಿ" ಅಂದಳು.

ನಾನು ಮಾಮಾಗೆ ಹೇಳಿದೆ: "ಮಾಮಾ, ಹತ್ತು ವರ್ಷ ಬಾಳುವ ಪ್ಲಾಸ್ಟಿಕ್ ಕೊಡ ನಮ್ಮ ವೈರಿ ಅಲ್ರೀ. ಹತ್ತು ನಿಮಿಷ ಬಳಸಿ ಒಗೆಯುವ ಚೀಲ, ಗ್ಲಾಸು, ತಟ್ಟೆ ವೈರಿ." ಕರ್ನಾಟಕದಲ್ಲಿ 2016ರಲ್ಲಿ ಬಂದ ನಿಷೇಧವೂ, ದೇಶದಾದ್ಯಂತ 2022ರ ಜುಲೈ 1ರಿಂದ ಜಾರಿಯಾದ ನಿಷೇಧವೂ ಮುಖ್ಯವಾಗಿ ಇಂಥ ಒಗೆಯುವ ಸಾಮಾನಿನ ಮೇಲೇ. ಮನೆಯಲ್ಲಿ ಗಟ್ಟಿಮುಟ್ಟಾಗಿರುವ ಸಾಮಾನನ್ನು ಪರಿಸರದ ಹೆಸರಿನಲ್ಲಿ ಒಗೆದರೆ ಅದೂ ಕಸವೇ ಆಗುತ್ತದೆ. ಮಾಮಾ ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರ ಏನು ಮಾಡಬೇಕು ಹೇಳು" ಅಂದರು. ಅವರಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳ್ತೀನಿ.

ಮೊದಲು ನೀರು.

ನಮ್ಮ ಜಿಲ್ಲೆಯಲ್ಲಿ ಕೃಷ್ಣಾ ಇದೆ, ಘಟಪ್ರಭಾ ಇದೆ, ಮಲಪ್ರಭಾ ಇದೆ. ನಕ್ಷೆ ನೋಡಿದವರು ಇವರಿಗೇನು ಕಡಿಮೆ ಅಂತಾರೆ. ಆದರೆ ಮಳೆ ಬೀಳೋದು ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಇದನ್ನು ಮಕ್ಕಳಿಗೆ ಹೀಗೆ ಕಲಿಸ್ತೀನಿ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿ ಮಾಳಿಗೆ ಅಂದರೆ ಸುಮಾರು 93 ಚದರ ಮೀಟರ್. ಗುಣಿಸಿ ನೋಡಿ, ವರ್ಷಕ್ಕೆ 51 ಸಾವಿರ ಲೀಟರ್. ಆವಿಯಾಗಿ, ಸೋರಿ ಐದನೇ ಒಂದು ಪಾಲು ಹೋಯಿತು ಅಂತ ಹಿಡಿದರೂ 40 ಸಾವಿರ ಲೀಟರ್ ಉಳೀತು. ಅದು ಈಗ ಪೈಪಿನಿಂದ ಇಳಿದು ಗಟಾರಕ್ಕೆ ಹೋಗ್ತದೆ.

ಇದು ಹೊಸ ವಿದ್ಯೆ ಏನಲ್ಲ. ಬಾದಾಮಿಗೆ ಹೋದವರು ಅಗಸ್ತ್ಯ ತೀರ್ಥ ನೋಡಿರ್ತೀರಿ. ಸುತ್ತಲಿನ ಕೆಂಪು ಕಲ್ಲಿನ ಗುಡ್ಡದ ಮೇಲೆ ಬಿದ್ದ ಮಳೆ ಹರಿದು ಆ ಕೆರೆಗೆ ಬರುತ್ತದೆ. ಚಾಲುಕ್ಯರ ಊರು ಇಡೀ ಗುಡ್ಡವನ್ನೇ ಮಾಳಿಗೆ ಮಾಡಿಕೊಂಡಿತ್ತು. ನಮ್ಮ ಮನೆಗೆ ಅಷ್ಟು ದೊಡ್ಡದು ಬೇಕಿಲ್ಲ. ಮಾಳಿಗೆಯ ಪೈಪಿಗೆ ಜಾಳಿಗೆ ಕಟ್ಟಿ, ಎರಡು ಸಾವಿರ ಲೀಟರಿನ ಒಂದು ಮುಚ್ಚಿದ ಟ್ಯಾಂಕ್ ಸಾಕು. ವರ್ಷದ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಬೇಕು, ಧೂಳು, ಹಕ್ಕಿಯ ಹಿಕ್ಕೆ ತೊಳೆದು ಹೋಗಲಿ. ಆಮೇಲೆ ತುಂಬಿಸಬೇಕು. ಟ್ಯಾಂಕಿನೊಳಗೆ ಬೆಳಕು ಹೋಗಬಾರದು, ಸೊಳ್ಳೆಯೂ ಹೋಗಬಾರದು. ಕುಡಿಯೋಕೆ, ಅಡಿಗೆಗೆ ದಿನಕ್ಕೆ 20 ಲೀಟರ್ ಬಳಸುವ ಮನೆಗೆ ಒಂದು ಟ್ಯಾಂಕ್ ನೂರು ದಿನ ಬರುತ್ತದೆ. ಕುಡಿಯುವ ಮುಂಚೆ ಕುದಿಸಿ ಆರಿಸಿ.

ಇನ್ನೊಂದು ಕಾರಣಕ್ಕೂ ಈ ನೀರು ನಮಗೆ ಬೇಕು. ನಮ್ಮ ಭಾಗದ ಬಹಳ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ ನಡೆದೀತು ಅನ್ನೋದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲು ಹಿಡೀತಾವೆ. ಬಹಳ ಜನ ಕುದಿಸಿದರೆ ಹೋಗುತ್ತದೆ ಅಂದುಕೊಂಡಾರ. ಹೋಗೋದಿಲ್ಲ. ಕುದಿಸಿದಾಗ ನೀರು ಆವಿಯಾಗ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳೀತದೆ. ಮಳೆನೀರಿನಲ್ಲಿ ಈ ತೊಂದರೆ ಇಲ್ಲ. ಹಾಗಾಗಿ ಮಳೆನೀರು ಹಿಡಿಯೋದು ಪರಿಸರಕ್ಕೆ ಮಾತ್ರ ಅಂತ ತಿಳೀಬೇಡ್ರಿ, ಮಗುವಿನ ಹಲ್ಲಿಗೂ ಹೌದು.

ಮನೆಯಲ್ಲಿ ಆರ್‌ಒ ಫಿಲ್ಟರ್ ಇದ್ದವರು ಒಂದು ಕೆಲಸ ಮಾಡಿ. ಅದರ ಪಕ್ಕದ ಸಣ್ಣ ಪೈಪಿನ ಕೆಳಗೆ ಬಕೆಟ್ ಇಟ್ಟು ಅಳೆಯಿರಿ. ಒಂದು ಲೀಟರ್ ಶುದ್ಧ ನೀರು ಕೊಡೋಕೆ ಅದು ಎರಡು, ಮೂರು ಲೀಟರ್ ಹೊರಗೆ ಬಿಡುವುದು ಸಾಮಾನ್ಯ. ಆ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಗಿಡಕ್ಕೆ ದಿನಾ ಹಾಕಬೇಡಿ. ನೆಲ ಒರೆಸೋಕೆ, ಪಾಯಿಖಾನೆಗೆ, ಗಾಡಿ ತೊಳೆಯೋಕೆ ಬಳಸಿ. ಗಿಡಕ್ಕೆ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಇದೆ. ದನ ಇದ್ದವರ ಮನೆಯಲ್ಲಿ ಅದೇ ಮುಸುರೆ. ಬಚ್ಚಲ ನೀರನ್ನು ಬಾಳೆಗೆ ತಿರುಗಿಸುವುದು ನಮ್ಮ ಹಿತ್ತಲಿನಲ್ಲಿ ಮೊದಲಿಂದ ಇತ್ತು. ಸಿಮೆಂಟ್ ಹಾಕಿ ಹಿತ್ತಲು ಮುಚ್ಚಿದ ಮೇಲೆ ನಿಂತುಹೋಯಿತು.

ಈಗ ಕರೆಂಟು.

"ಈಗ ಕರೆಂಟ್ ಫ್ರೀ ಐತಲ್ರೀ ಟೀಚರ್, ಯಾಕ ಉಳಸಬೇಕು?" ಅಂತ ಪಾಲಕರ ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಮನೆಗಳಿಗೆ, ಅವರ ಸರಾಸರಿ ಬಳಕೆಯ ಲೆಕ್ಕದ ಮೇಲೆ, ಬಿಲ್ಲು ಸೊನ್ನೆ. ಬಡವರ ಮನೆಗೆ ಅದು ದೊಡ್ಡ ಆಸರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬಿಲ್ಲು ಸೊನ್ನೆಯಾದರೆ ಕಲ್ಲಿದ್ದಲು ಸೊನ್ನೆ ಆಗೋದಿಲ್ಲ. ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇದೆ. ಅಲ್ಲಿ ಕಲ್ಲಿದ್ದಲು ಸುಡಬೇಕು. ಅದಕ್ಕೆ ನೀರು ಆಲಮಟ್ಟಿಯಿಂದ ಬರಬೇಕು. ಅದೇ ಆಲಮಟ್ಟಿಯ ಹಿನ್ನೀರಿಗಾಗಿ ಹಳೇ ಬಾಗಲಕೋಟೆಯ ಮನೆಗಳು, ಓಣಿಗಳು, ನದಿದಂಡೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಆ ನೀರಿಗೆ ನಮ್ಮವರು ಕೊಟ್ಟ ಬೆಲೆ ನಮಗೆ ಗೊತ್ತಿದೆ. ಖಾಲಿ ಖೋಲಿಯಲ್ಲಿ ಫ್ಯಾನ್ ತಿರುಗಿಸೋಕೆ ಅದನ್ನು ಬಳಸೋದು ಸರಿಯಲ್ಲ ಅಂತ ಅವರಿಗೆ ಹೇಳಿದೆ.

ಲೆಕ್ಕ ಹೇಳ್ತೀನಿ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತದೆ. ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ನಮ್ಮ ಬೇಸಿಗೆಯಲ್ಲಿ ದಿನಕ್ಕೆ 15 ತಾಸು ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ವ್ಯತ್ಯಾಸ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟು ತಯಾರಾಗೋಕೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗ್ತದೆ. ಹಾಗಂತ ಚೆನ್ನಾಗಿ ತಿರುಗುವ ಫ್ಯಾನನ್ನು ಇವತ್ತೇ ಕಿತ್ತು ಹಾಕಬೇಡಿ. ಅದು ಸುಟ್ಟಾಗ, ಮತ್ತೆ ವೈಂಡಿಂಗ್ ಮಾಡಿಸುವ ಮುಂಚೆ ಈ ಲೆಕ್ಕ ನೆನಪಿಸಿಕೊಳ್ಳಿ.

ಫ್ಯಾನಿಗಿಂತ ಮೊದಲು ಮಾಳಿಗೆ ನೋಡಿ. ನಮ್ಮ ಹಳೇ ಮನೆಗಳಿಗೆ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ ಇತ್ತು, ಬಿಸಿಲು ಒಳಗೆ ಇಳಿಯೋಕೆ ಸಂಜೆಯಾಗ್ತಿತ್ತು. ಈಗಿನ ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿಯೆಲ್ಲ ನಮ್ಮ ಮೇಲೆ ಉಗುಳ್ತದೆ. ಶಿವರಾತ್ರಿ ಮುಗಿದ ಕೂಡಲೇ ಸ್ಲ್ಯಾಬಿಗೆ ಎರಡು ಕೈ ಸುಣ್ಣ ಹೊಡೀರಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸ್ತದೆ. ಅರ್ಧ ಮಾಳಿಗೆಗೆ ಹೊಡೆದು, ಮಧ್ಯಾಹ್ನ ಎರಡಕ್ಕೆ ಎರಡೂ ಕಡೆ ಕೈ ಇಟ್ಟು ನೋಡಿ, ನಾನು ಹೇಳೋದೇ ಬೇಡ. ಮಳೆಗಾಲದಲ್ಲಿ ತೊಳೆದು ಹೋಗ್ತದೆ, ಹೋಗಲಿ, ಮುಂದಿನ ವರ್ಷ ಮತ್ತೆ ಹೊಡೆಯಬಹುದು. ಆ ಸುಣ್ಣ ಕದಡಿದ ಮೊದಲ ಮಳೆಯ ನೀರನ್ನು ಮಾತ್ರ ಟ್ಯಾಂಕಿಗೆ ಬಿಡಬೇಡಿ.

ತಣ್ಣೀರಿಗೆ ಫ್ರಿಜ್ ಬೇಕಿಲ್ಲ, ಮಣ್ಣಿನ ಹರವಿ ಸಾಕು. ಹರವಿಯ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ಬಿಸಿ ಎಳೆದುಕೊಂಡು ಹೋಗ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅದು ಅಷ್ಟು ಕೆಲಸ ಮಾಡೋದಿಲ್ಲ. ನಮ್ಮ ಒಣ ಬಿಸಿಲಿಗೆ ಹೇಳಿ ಮಾಡಿಸಿದ್ದು.

ಇನ್ನು ಅಡಿಗೆಮನೆ. ಇಲ್ಲಿ ನಾನು ಕಲಿಸೋದಕ್ಕಿಂತ ಕಲಿತದ್ದೇ ಹೆಚ್ಚು. ಖಡಕ್ ರೊಟ್ಟಿ ನೋಡಿ. ಒಮ್ಮೆ ಒಲೆ ಹಚ್ಚಿ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡೋದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಯಾವುದಕ್ಕೂ ಫ್ರಿಜ್ ಬೇಡ. ಜೋಳ ನಮ್ಮ ಎರೆಮಣ್ಣಿನಲ್ಲಿ ಹಿಂಗಾರಿಗೆ ನೆಲದ ತೇವದ ಮೇಲೇ ಬೆಳೆಯುವ ಬೆಳೆ. ಭತ್ತದ ಹಾಗೆ ಗದ್ದೆಯಲ್ಲಿ ನೀರು ನಿಲ್ಲಿಸಬೇಕಿಲ್ಲ. ಮನೆಯಲ್ಲಿ ಎರಡು ಹೊತ್ತೂ ಅನ್ನ ಆಗಿದ್ದರೆ ಒಂದು ಹೊತ್ತು ರೊಟ್ಟಿಗೆ ಮರಳಿದರೂ ನೀರಿನ ದೊಡ್ಡ ಉಳಿತಾಯ ಅದೇ.

ಗ್ಯಾಸಿನ ಬಗ್ಗೆ ಎರಡೇ ಮಾತು. ನೀರು ಕುದಿ ಬಂದ ಮೇಲೆ ಉರಿ ಎಷ್ಟು ದೊಡ್ಡದಿಟ್ಟರೂ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟೋದಿಲ್ಲ. ಅಡಿಗೆ ಬೇಗ ಆಗೋದಿಲ್ಲ, ಗ್ಯಾಸ್ ಮಾತ್ರ ಬೇಗ ಮುಗೀತದೆ. ಕುದಿ ಬಂದ ಕೂಡಲೇ ಉರಿ ಇಳಿಸಿ, ಮುಚ್ಚಳ ಮುಚ್ಚಿ. ಮತ್ತೆ, ಬೇಳೆಯನ್ನು ಅರ್ಧ ತಾಸು, ಕಾಳನ್ನು ರಾತ್ರಿಯೆಲ್ಲ ನೆನೆ ಹಾಕಿ. ಕೆಲಸ ಕಡಿಮೆ, ಗ್ಯಾಸೂ ಕಡಿಮೆ.

ಈಗ ಬಟ್ಟೆ. ನಾನು ನೇಕಾರರ ಮನೆಯ ಮಗಳು, ಇದನ್ನು ಹೇಳದೆ ಬಿಡೋಕಾಗೋದಿಲ್ಲ. ಇಳಕಲ್ ಸೀರೆಯ ಸೆರಗನ್ನು ಮೈಗೆ ಕೊಂಡಿ ಹಾಕಿ ಜೋಡಿಸ್ತಾರೆ, ಒಂದೊಂದೇ ಎಳೆ. ಅಷ್ಟು ಕಷ್ಟಪಟ್ಟು ನೇಯ್ದ ಸೀರೆಯನ್ನು ನಮ್ಮ ಅಜ್ಜಿಯಂದಿರು ಹರಿದ ಮೇಲೂ ಬಿಡ್ತಿರಲಿಲ್ಲ. ಪದರ ಪದರ ಹಾಕಿ ಕೌದಿ ಹೊಲಿದರು. ಈಗ ಏನಾಗಿದೆ ಅಂದರೆ, ಪ್ಲಾಸ್ಟಿಕ್ ಚೀಲ ಬೇಡ ಅಂತ ಪ್ರತಿ ಸಮಾರಂಭದಲ್ಲೂ ಹೊಸ ಬಟ್ಟೆ ಚೀಲ ಹಂಚ್ತಾರೆ. ನಮ್ಮ ಮನೆಯಲ್ಲೇ ಹನ್ನೊಂದು ಬಿದ್ದಾವೆ. ಹತ್ತಿ ಬೆಳೆಯೋಕೆ ನೀರು ಬೇಕು, ಔಷಧಿ ಬೇಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿತ್ತು: ಹವಾಮಾನದ ಮೇಲಿನ ಪರಿಣಾಮ ನೋಡಿದರೆ, ಒಮ್ಮೆ ಬಳಸಿ ಬಿಸಾಡುವ ಒಂದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಒಂದು ಹೊಸ ಹತ್ತಿ ಚೀಲವನ್ನು 131 ಬಾರಿ ಬಳಸಬೇಕು. ಆ ತೆಳು ಚೀಲ ನಮ್ಮ ಊರಿನ ಗಟಾರದಲ್ಲಿ, ಆಕಳ ಹೊಟ್ಟೆಯಲ್ಲಿ ಮಾಡುವ ಅನಾಹುತ ಆ ಲೆಕ್ಕದಲ್ಲಿ ಇಲ್ಲ, ಹಾಗಾಗಿ ಅದಕ್ಕೆ ಮರಳಿ ಅಂತ ನಾನು ಹೇಳೋದಿಲ್ಲ. ಹೊಸ ಚೀಲ ಕೊಳ್ಳಬೇಡಿ, ಹಳೇ ಸೀರೆಯದನ್ನು ಹೊಲಿಯಿರಿ ಅಂತೀನಿ. ಹೊಲಿದ ಚೀಲ ಅಡಿಗೆಮನೆಯ ಮೊಳೆಗೆ ತೂಗಿದರೆ ಉಪಯೋಗ ಇಲ್ಲ. ಸಂಜೆ ಸಂತೆ ಮಾಡಿಕೊಂಡು ಬರೋರು ಗಂಡಸರು. ಆ ಚೀಲ ಅವರ ಬೈಕಿನಲ್ಲಿ ಇರಬೇಕು.

ಕೊನೆಗೆ ಕಸ. ಹಸಿ ಕಸ ಬೇರೆ, ಒಣ ಕಸ ಬೇರೆ, ಬ್ಯಾಟರಿ, ಟ್ಯೂಬ್‌ಲೈಟು, ಹಳೇ ಔಷಧಿಯಂಥ ಅಪಾಯದ ಕಸ ಬೇರೆ ಇಡಬೇಕು ಅಂತ 2016ರ ನಿಯಮವೇ ಹೇಳಿತ್ತು. ನಮ್ಮ ಮನೆಗಳ ಕಸದಲ್ಲಿ ಅರ್ಧದಷ್ಟು ಹಸಿಯದೇ. ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಒಗೆದರೆ ಆಕಳು ಸಿಪ್ಪೆಯ ಆಸೆಗೆ ಚೀಲವನ್ನೂ ನುಂಗ್ತದೆ. ಹಳ್ಳಿಯಲ್ಲಿ ತಿಪ್ಪೆ ಇದೆ, ಆದರೆ ತಿಪ್ಪೆಗೆ ಶಾಂಪೂ ಚೀಟಿ, ಗುಟ್ಕಾ ಚೀಟಿ ಬೀಳದಂತೆ ನೋಡಬೇಕು, ಅವು ಹೊಲಕ್ಕೆ ಹೋಗ್ತಾವೆ. ಊರಿನವರು ತಳಕ್ಕೆ ತೂತು ಮಾಡಿದ ಹಳೇ ಬಕೆಟ್ ಇಡಿ. ಒಂದು ಹಿಡಿ ಹಸಿ ಕಸ, ಅದರ ಮೇಲೆ ಒಂದು ಹಿಡಿ ಒಣ ಎಲೆ ಅಥವಾ ಮಣ್ಣು. ನಾತ ಬಂತೆಂದರೆ ತೇವ ಹೆಚ್ಚಾಗಿದೆ ಅಂತ ಅರ್ಥ, ಒಣ ಎಲೆ ಹಾಕಿ ಕೈಯಾಡಿಸಿ. ಎರಡು ಮೂರು ತಿಂಗಳಿಗೆ ಗೊಬ್ಬರ.

ಮುಂಜಾನೆ ಓಣಿ ಗುಡಿಸಿ ಪ್ಲಾಸ್ಟಿಕ್ ಸಮೇತ ಬೆಂಕಿ ಹಚ್ಚೋದು ಮಾತ್ರ ಇವತ್ತೇ ನಿಲ್ಲಬೇಕು. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ದಂಡ ಬಿಡಿ, ಆ ಹೊಗೆ ಮೊದಲು ಹೋಗೋದು ಕಡ್ಡಿ ಗೀರಿದವರ ಎದೆಗೇ. ನಮ್ಮ ಓಣಿಗಳಲ್ಲಿ ಕಡ್ಡಿ ಗೀರೋರು ಹೆಚ್ಚಾಗಿ ಹೆಣ್ಣುಮಕ್ಕಳು.

ಈಗ ಎರಡನೇ ಪ್ರಶ್ನೆಗೆ ಬರ್ತೀನಿ. ಇಲ್ಲಿತನಕ ಹೇಳಿದ್ದನ್ನು ಒಮ್ಮೆ ಎಣಿಸಿ. ಬಕೆಟ್ ಇಡೋದು, ಕಾಳು ನೆನೆ ಹಾಕೋದು, ಕಸ ಬೇರೆ ಮಾಡೋದು, ಗೊಬ್ಬರ ಕೈಯಾಡಿಸೋದು, ಚೀಲ ಹೊಲಿಯೋದು. ಯಾರೂ ಏನೂ ಹೇಳದಿದ್ದರೆ ಇದೆಲ್ಲ ಒಬ್ಬಳದೇ ಕೆಲಸ ಆಗ್ತದೆ. ಒಂದು ತಿಂಗಳು ಮಾಡ್ತಾಳೆ, ಎರಡು ತಿಂಗಳು ಮಾಡ್ತಾಳೆ. ಆಮೇಲೆ ಹಬ್ಬ ಬರ್ತದೆ, ಬೀಗರು ಬರ್ತಾರೆ, ಜ್ವರ ಬರ್ತದೆ, ನಿಂತು ಹೋಗ್ತದೆ. ಆಗ "ನಮ್ಮ ಮನ್ಯಾಗ ಇದೆಲ್ಲ ನಡ್ಯಾಂಗಿಲ್ಲ ಬಿಡ್ರಿ" ಅಂತಾರೆ. ನಡೆಯದಿದ್ದದ್ದು ಪರಿಸರದ ಕೆಲಸ ಅಲ್ಲ, ಒಬ್ಬಳ ಮೇಲೆ ಹೊರಿಸಿದ ಕೆಲಸ.

ನಮ್ಮ ಮಾಮಾ ಕಡೆಗೂ ಹೀಗೆ ಮಾಡಿದರು. ಎರಡು ಪ್ಲಾಸ್ಟಿಕ್ ಕೊಡ ವಾಪಸ್ ಬಂದವು. ಹಿತ್ತಾಳಿಯದು ಅಟ್ಟ ಸೇರಿತು. ಮಾಳಿಗೆಗೆ ಸುಣ್ಣ, ಪೈಪಿಗೆ ಜಾಳಿಗೆ, ಟ್ಯಾಂಕ್ ತೊಳೆಯೋದು ಮಾಮಾನ ಕೆಲಸ. ಗೊಬ್ಬರದ ಬಕೆಟ್ ಹಿರಿಮಗನದು. ಹಾಲಿನ ಪಾಕೀಟು ತೊಳೆದು ಒಣಗಿಸಿ ಗುಜರಿಗೆ ಕೂಡಿಡೋದು ಸಣ್ಣವಳದು, ಮಾರಿದ ರೊಕ್ಕವೂ ಅವಳದೇ. ಅಕ್ಕನ ಪಾಲಿಗೆ ಕಾಳು ನೆನೆ ಹಾಕೋದು, ಉರಿ ಇಳಿಸೋದು ಮಾತ್ರ. ಅದು ಅವಳ ಕೆಲಸವನ್ನು ಹಗುರ ಮಾಡುವಂಥದ್ದು. ಹೋದ ವರ್ಷ ಮುಂಗಾರಿನಿಂದ ನಡೆದಿದೆ. ನಡುವೆ ಹಿರಿಮಗ ಹದಿನೈದು ದಿನ ಮರೆತು, ಬಕೆಟ್ ನಾತ ಹೊಡೆದು, ಮನೆಯಲ್ಲಿ ಜಗಳವೂ ಆಯಿತು. ಆದರೆ ಬೈಸಿಕೊಂಡವನು ಅವನು, ಅಕ್ಕ ಅಲ್ಲ.

ಈ ವಾರ ನೀವು ಒಂದೇ ಒಂದು ಆರಿಸಿಕೊಳ್ಳಿ. ಅದರ ಎದುರಿಗೆ ಮನೆಯವರ ಹೆಸರು ಬರೆದು ಗೋಡೆಗೆ ಅಂಟಿಸಿ. ಎಲ್ಲಾ ಕೆಲಸದ ಎದುರಿಗೂ ಅವ್ವನ ಹೆಸರೇ ಬಂದಿದ್ದರೆ ಆ ಚೀಟಿ ಹರಿದು ಮತ್ತೊಮ್ಮೆ ಬರೀರಿ. ಬೇಸಿಗೆಗೆ ಮುಂಚೆ ಮಾಳಿಗೆಯ ಪೈಪು ಎಲ್ಲಿ ಇಳೀತದೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.